ಪಾತಾಳಗರಡಿ

2024ರಲ್ಲಿ ಸೆಪ್ಟೆಂಬರಿನಿಂದ ಡಿಸೆಂಬರ್ ತನಕ ಅಮೆರಿಕದ ಬ್ಲೂಮಿಂಗ್ಟನ್‌ನ ಮಗಳ ಮನೆಯಲ್ಲಿದ್ದೆ. ಅದು ಇಂಡಿಯಾನಾ ವಿಶ್ವವಿದ್ಯಾಲಯದ ಊರು. ಅವರ ಅಮೆರಿಕನ್ ಫುಟ್‌ಬಾಲ್ ತಂಡ ಹಿಂದಿನ ವರ್ಷ ಹನ್ನೆರಡು ಪಂದ್ಯದಲ್ಲಿ ಗೆದ್ದದ್ದು ಮೂರೇ. ಹೊಸದಾಗಿ ಬಂದ ಕೋಚ್ ಕರ್ಟ್ ಸಿಗ್ನೆಟಿ, ‘ನಾನು ಗೆಲ್ಲುತ್ತೇನೆ. ಗೂಗಲ್ ಮಾಡಿ’ ಎಂದುಬಿಟ್ಟಿದ್ದರು. ನಮ್ಮ ಕಡೆಯಾಗಿದ್ದರೆ ಯಾರಾದರೂ ತಕ್ಷಣ ದೃಷ್ಟಿ ತೆಗೆಯುತ್ತಿದ್ದರು. ಅಲ್ಲಿ ಯಾರೂ ತೆಗೆಯಲಿಲ್ಲ. ಆದರೂ ಮೊದಲ ಹತ್ತೂ ಪಂದ್ಯ ಗೆದ್ದರು.

ಈ ತಂಡ ಆಡುವುದು ಒಂದು ಕಾನ್ಫರೆನ್ಸಿನಲ್ಲಂತೆ. ಕಾನ್ಫರೆನ್ಸ್ ಅಂದರೆ ನಾನು ಸೂಟುಬೂಟಿನ ಸಭೆ ಅಂದುಕೊಂಡಿದ್ದೆ. ಇದು ತಮ್ಮತಮ್ಮಲ್ಲೇ ಆಡಿಕೊಳ್ಳುವ ವಿಶ್ವವಿದ್ಯಾಲಯಗಳ ಕೂಟ. ಹೆಸರು ಬಿಗ್ ಟೆನ್, ಎಣಿಸಿದರೆ ಹದಿನೆಂಟು! ಆ ವರ್ಷವೇ ಪೆಸಿಫಿಕ್ ಕಡೆಯ ನಾಲ್ಕು ತಂಡಗಳು ಬಂದು ಸೇರಿದ್ದವು. ಹತ್ತು ಎಲೆ ಹಾಕಿದ ಪಂಕ್ತಿಗೆ ಹದಿನೆಂಟು ಜನ ಕೂತಂತೆ. ಕೂಟದೊಳಗೆ ಒಬ್ಬೊಬ್ಬರಿಗೆ ಒಂಬತ್ತೇ ಪಂದ್ಯ. ಉಳಿದ ಎಂಟು ತಂಡಗಳ ಮುಖ ಆ ವರ್ಷ ಕಾಣುವುದೇ ಇಲ್ಲ. ಇಂಡಿಯಾನಾ ಎಂಟು ಗೆದ್ದು, ಒಂದರಲ್ಲಿ ಒಹಾಯೊ ಸ್ಟೇಟ್‌ಗೆ 38-15ರಿಂದ ಸೋತಿತು. ಪೆನ್ ಸ್ಟೇಟ್ ಕೂಡ ಎಂಟು ಗೆದ್ದು ಅದೇ ಒಹಾಯೊ ಸ್ಟೇಟ್‌ಗೆ ಸೋತಿತ್ತು. ಇವೆರಡೂ ಎದುರಾಗಲೇ ಇಲ್ಲ, ಫೈನಲ್‌ಗೆ ಹೋದದ್ದು ಮಾತ್ರ ಪೆನ್ ಸ್ಟೇಟ್. ಎದುರಾಳಿಗಳು ಎಷ್ಟೆಷ್ಟು ಗೆದ್ದಿದ್ದರು ಎಂಬ ಲೆಕ್ಕವಂತೆ. ಅಳಿಯ ಎರಡು ಸಲ ವಿವರಿಸಿದ, ನಾನು ಎರಡು ಸಲವೂ ತಲೆಯಾಡಿಸಿದೆ.

ನನಗೆ ಪೂರ್ತಿ ಅರ್ಥವಾದದ್ದು ಬಕೆಟ್ಟು. ಅದೇ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದ ಜೊತೆಗಿನ ಪಂದ್ಯಕ್ಕೆ ಬಹುಮಾನ, ಬಾವಿಯಿಂದ ನೀರು ಸೇದುವ ಹಳೇ ಓಕ್ ಮರದ ಬಕೆಟ್ಟು. ಗೆದ್ದವರ ಅಕ್ಷರದ ಕಂಚಿನ ಕೊಂಡಿ ಅದರ ಸರಪಳಿಗೆ ವರ್ಷವರ್ಷವೂ ಸೇರುತ್ತದೆ: ಇವರದ್ದು ಐ, ಅವರದ್ದು ಪಿ. ಬಕೆಟ್ಟಿಗಾಗಿ 1925ರಲ್ಲಿ ಆಡಿದ ಮೊದಲ ಪಂದ್ಯದಲ್ಲಿ ಯಾರೂ ಒಂದು ಪಾಯಿಂಟನ್ನೂ ಗಳಿಸದೆ ಸಮವಾಗಿದ್ದರಿಂದ ಮೊದಲ ಕೊಂಡಿಯಲ್ಲಿ ಎರಡೂ ಅಕ್ಷರ. ಹಿಂದಿನ ಮೂರು ವರ್ಷ ಬಕೆಟ್ಟು ಪರ್ಡ್ಯೂನಲ್ಲೇ ಇತ್ತು. ಬಾವಿಗೆ ಬಿದ್ದದ್ದನ್ನು ಎತ್ತಲು ನಾವು ಪಾತಾಳಗರಡಿ ಇಳಿಬಿಡುತ್ತಿದ್ದೆವು. ಇವರು ಸಿಗ್ನೆಟಿಯವರನ್ನು ಇಳಿಬಿಟ್ಟರು. ನವೆಂಬರ್ 30ರಂದು 66-0.

ಟಿವಿ ಮುಂದೆ ನಾನು ಚಪ್ಪಾಳೆ ತಟ್ಟಿದೆ. ಮಗಳು ಕಣ್ಣು ಬಿಟ್ಟಳು. ಆಗ ನೆನಪಾಯಿತು, ಅಳಿಯ ಎಂ.ಎಸ್. ಓದಿದ್ದು ಪರ್ಡ್ಯೂನಲ್ಲಿ.

ಮರುದಿನ ಊಟಕ್ಕೆ ಕೂತಾಗಲೂ ಅವನ ಮುಖ ಗಂಟು. ಮಗಳು ಮೆಲ್ಲಗೆ, “ಹುಳಿ ತರಲೇನ್ರೀ?” ಅಂದಳು.

“ತಾ. ಬಕೆಟ್‌ನಲ್ಲಿ ಮಾತ್ರ ತರಬೇಡ.”