ಲಾಂಡೌಗೆ ಜಾಮೀನು ನಿಂತವರು

ಹದಿನೈದು ದಿನದಿಂದ ನಮ್ಮ ಹಳೇ ಎಂಎಸ್ಸಿ ವಾಟ್ಸಾಪ್ ಗುಂಪಿನಲ್ಲಿ ಸೋವಿಯತ್ ಭೌತವಿಜ್ಞಾನಿ ಲೆವ್ ಲಾಂಡೌ ಸುತ್ತು ಹೊಡೆಯುತ್ತಿದ್ದಾನೆ. ಆಫೀಸಿನ ಬಾಗಿಲಿಗೆ "ಎಚ್ಚರಿಕೆ, ಕಚ್ಚುತ್ತಾನೆ" ಅಂತ ಬೋರ್ಡು ಹಾಕಿಕೊಂಡಿದ್ದನಂತೆ. ಅವನ ಪರೀಕ್ಷೆ ಪಾಸು ಮಾಡಿದವರು ಬರೀ 43 ಜನರಂತೆ. ಭೌತವಿಜ್ಞಾನಿಗಳಿಗೆಲ್ಲ ಗ್ರೇಡು ಕೊಟ್ಟು, ಐನ್‌ಸ್ಟೈನ್‌ಗೆ ಅರ್ಧ, ಬೋರ್ ಮತ್ತು ಡಿರಾಕ್‌ಗೆ ಒಂದು, ತನಗೆ ಎರಡೂವರೆ ಹಾಕಿಕೊಂಡಿದ್ದನಂತೆ. (ನಂಬರು ಕಮ್ಮಿ ಆದಷ್ಟೂ ಆಸಾಮಿ ದೊಡ್ಡವನು.) ಕೊನೆಯಲ್ಲಿ ಬೆಂಕಿಯ ಇಮೋಜಿ ಮೂರು.

'ಅಂತೆ' ಬೇಕಿಲ್ಲ, ಇದೆಲ್ಲ ಹೆಚ್ಚುಕಡಿಮೆ ನಿಜವೇ. ನನ್ನ ತಕರಾರು ಬೇರೆ. ಇಷ್ಟು ಫಾರ್ವರ್ಡುಗಳಲ್ಲಿ ಒಂದರಲ್ಲೂ ಅವನಿಗೆ ಜಾಮೀನು ನಿಂತ ಭೌತವಿಜ್ಞಾನಿ ಪ್ಯೋತರ್ ಕಪಿತ್ಸಾ ಅವರ ಹೆಸರಿಲ್ಲ. ಅವರು ಸಹಿ ಹಾಕದೇ ಹೋಗಿದ್ದರೆ ಲಾಂಡೌ ಮೂವತ್ತೊಂದು ತುಂಬಿದ ವರ್ಷವೇ ಮಾಸ್ಕೋದ ಜೈಲಿನಲ್ಲಿ ಮುಗಿದು ಹೋಗುತ್ತಿದ್ದ. ಆಗ ಫಾರ್ವರ್ಡು ಮಾಡಲು ನಮ್ಮ ಹತ್ತಿರ ಏನೂ ಇರುತ್ತಿರಲಿಲ್ಲ.

ಜಾಮೀನು ಅಂದರೆ ಏನು ಅಂತ ನಮ್ಮ ಮನೆಯಲ್ಲಿ ಚೆನ್ನಾಗಿ ಗೊತ್ತಿತ್ತು. ಅಪ್ಪ ಸೊಸೈಟಿ ಸಾಲಕ್ಕೆ ಅವರ ಚಿಕ್ಕಪ್ಪನ ಮಗನಿಗೆ ಜಾಮೀನು ನಿಂತು, ಅವನು ಕೈ ಎತ್ತಿದ ಮೇಲೆ ಎರಡು ವರ್ಷ ಕಂತು ಕಟ್ಟಿದರು. "ಊಟ ಹಾಕು, ಬಟ್ಟೆ ಕೊಡು, ಜಾಮೀನು ಮಾತ್ರ ನಿಲ್ಲಬೇಡ ಕಣಪ್ಪ" ಅನ್ನುತ್ತಿದ್ದರು. ದುಡ್ಡಿನ ಜಾಮೀನೇ ಹೀಗೆ. ಕಪಿತ್ಸಾ ಹಾಕಿದ್ದು ತಲೆಯ ಜಾಮೀನು.

ನನ್ನ ಮಟ್ಟಿಗೆ ಈ ಕಥೆ ಶುರುವಾಗಿದ್ದು ಒಂದು ತೆಳ್ಳನೆ ಪುಸ್ತಕದಿಂದ. ನವಕರ್ನಾಟಕದವರ ಪುಸ್ತಕ ಪ್ರದರ್ಶನಗಳಲ್ಲಿ ಸೋವಿಯತ್ ಪುಸ್ತಕಗಳು ರಾಶಿ ಬಿದ್ದಿರುತ್ತಿದ್ದ ಕಾಲ ಅದು. ಬಸ್ ಚಾರ್ಜು ಉಳಿಸಿಟ್ಟುಕೊಂಡು ಏನಾದರೊಂದು ಎತ್ತಿಕೊಂಡು ಬರುತ್ತಿದ್ದೆವು. ಹಾಗೆ ತಂದದ್ದು ಸಾಪೇಕ್ಷತಾ ಸಿದ್ಧಾಂತವನ್ನು ಸಾಮಾನ್ಯರಿಗೆ ಹೇಳುವ ಒಂದು ಪುಸ್ತಕದ ಇಂಗ್ಲಿಷ್ ಅನುವಾದ. ಓಡುವ ರೈಲು, ನಿಂತ ಗಡಿಯಾರ, ಅಲ್ಲಲ್ಲಿ ತಮಾಷೆ ಚಿತ್ರ. ರಕ್ಷಾಪುಟದ ಮೇಲೆ ಎರಡು ಹೆಸರು: ಲಾಂಡೌ, ರೂಮರ್. (ಗಾಳಿಸುದ್ದಿಯ ರೂಮರ್ ಅಲ್ಲ, ಯೂರಿ ರೂಮರ್, ಹೆಸರೇ ಹಾಗೆ.) ಪಿಯುಸಿಯಲ್ಲಿ ಅದನ್ನು ಎರಡು ಸಲ ಓದಿದ್ದೆ. ಆ ಎರಡು ಹೆಸರಿನವರನ್ನೂ ಪೊಲೀಸರು ಒಂದೇ ದಿನ ಎತ್ತಿಹಾಕಿಕೊಂಡು ಹೋಗಿದ್ದರು ಅಂತ ಗೊತ್ತಾಗಲು ಇನ್ನೂ ಹತ್ತು ಹನ್ನೆರಡು ವರ್ಷ ಬೇಕಾಯಿತು.

ಮೊದಲು ಹುಡುಗನ ಕಥೆ ಬೇಗ ಮುಗಿಸುತ್ತೇನೆ. ಏಕವಚನದಲ್ಲೇ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಶಿಷ್ಯರೂ ಅವನನ್ನು ಬರೀ 'ದಾವ್' ಅಂತಲೇ ಕರೆಯುತ್ತಿದ್ದರು. 1908ರ ಜನವರಿಯಲ್ಲಿ ಕ್ಯಾಸ್ಪಿಯನ್ ದಡದ ಬಾಕುವಿನಲ್ಲಿ ಹುಟ್ಟಿದ ಯಹೂದಿ ಹುಡುಗ. ಅಪ್ಪ ಎಣ್ಣೆಬಾವಿಗಳ ಇಂಜಿನಿಯರ್, ಅಮ್ಮ ಡಾಕ್ಟರು. ಹದಿಮೂರಕ್ಕೆ ಸ್ಕೂಲು ಮುಗಿಯಿತು, ಹದಿನಾಲ್ಕಕ್ಕೆ ಬಾಕು ವಿಶ್ವವಿದ್ಯಾಲಯ, ಅಲ್ಲಿಂದ ಲೆನಿನ್‌ಗ್ರಾಡ್. 1929ರಿಂದ ಸುಮಾರು ಒಂದೂವರೆ ವರ್ಷ ಯುರೋಪು ಸುತ್ತಿದ. ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಬೋರ್ ಸಿಕ್ಕರು. ಯಾರನ್ನೂ ಲೆಕ್ಕಕ್ಕಿಡದ ಈ ಹುಡುಗ ಕೊನೆಯವರೆಗೂ ಗುರು ಅಂತ ಒಪ್ಪಿಕೊಂಡದ್ದು ಅವರೊಬ್ಬರನ್ನೇ. 1932ರಲ್ಲಿ ಖಾರ್ಕಿವ್‌ನ ಭೌತ-ತಾಂತ್ರಿಕ ಸಂಸ್ಥೆಗೆ ಬಂದು ಥಿಯರಿ ವಿಭಾಗದ ಮುಖ್ಯಸ್ಥನಾದಾಗ ಇನ್ನೂ ಇಪ್ಪತ್ತನಾಲ್ಕು. ಕಚ್ಚುವ ಬೋರ್ಡು ಅಲ್ಲಿಯದು. 43 ಜನ ಪಾಸಾದ 'ಥಿಯರಿಟಿಕಲ್ ಮಿನಿಮಮ್' ಪರೀಕ್ಷೆ ಶುರುವಾಗಿದ್ದೂ ಅಲ್ಲೇ. ಪಾಸಾದವರ ಹೆಸರು, ಇಸವಿ ಎಲ್ಲ ಕೈಯಾರೆ ಬರೆದಿಟ್ಟುಕೊಂಡಿದ್ದ. ಎವ್ಗೆನಿ ಲಿಫ್‌ಶಿಟ್ಸ್ ಆ ಪಟ್ಟಿಯಲ್ಲಿ ಎರಡನೆಯವರು. ಮುಂದೆ ಇಬ್ಬರೂ ಸೇರಿ ಬರೆದ ಥಿಯರಿ ಸಂಪುಟಗಳನ್ನು ಕಂಕುಳಲ್ಲಿಟ್ಟುಕೊಂಡು ಕಾರಿಡಾರಿನಲ್ಲಿ ಓಡಾಡಿದರೆ ನಮ್ಮ ಕಾಲದಲ್ಲಿ ಜೂನಿಯರ್‌ಗಳು ದಾರಿ ಬಿಡುತ್ತಿದ್ದರು. ಒಳಗೆ ಓದಿದ್ದು ಎಷ್ಟು ಅನ್ನುವುದು ಬೇರೆ ವಿಷಯ.

ಆಮೇಲೆ 1937 ಬಂತು, ಸ್ಟಾಲಿನ್ ಆಡಳಿತ ಸುಳ್ಳು ಆರೋಪ ಹೊರಿಸಿ ಜನರನ್ನು ರಾಶಿರಾಶಿಯಾಗಿ ಹಿಡಿದು ಕೊಲ್ಲುತ್ತಿದ್ದ ಕಾಲ. ಲಾಂಡೌ ಆ ವರ್ಷದ ಆರಂಭದಲ್ಲೇ ಖಾರ್ಕಿವ್ ಬಿಟ್ಟು ಮಾಸ್ಕೋದಲ್ಲಿ ಕಪಿತ್ಸಾ ಅವರ ಸಂಸ್ಥೆ ಸೇರಿಕೊಂಡ. ಹಿಂದೆ ಉಳಿದ ಗೆಳೆಯ ಲೆವ್ ಶುಬ್ನಿಕೋವ್, ಅತಿಶೀತ ಪ್ರಯೋಗಗಳಲ್ಲಿ ಆ ದೇಶಕ್ಕೇ ಮೊದಲ ಸಾಲಿನವರು, ಅದೇ ನವೆಂಬರಿನಲ್ಲಿ ಗುಂಡಿಗೆ ಬಲಿಯಾದರು. ಅದೇ ಸಂಸ್ಥೆಯ ರೋಜೆನ್‌ಕೆವಿಚ್, ಗೋರ್‌ಸ್ಕಿ ಕೂಡ. ಲೆನಿನ್‌ಗ್ರಾಡ್ ದಿನಗಳ ಗೆಳೆಯ ಮತ್ವೇಯ್ ಬ್ರಾನ್‌ಸ್ಟೈನ್ ಗುರುತ್ವಕ್ಕೂ ಕ್ವಾಂಟಂಗೂ ಗಂಟು ಹಾಕಲು ಹೊರಟ ಮೊದಲಿಗರಲ್ಲಿ ಒಬ್ಬರು. ಅವರನ್ನು 1938ರ ಫೆಬ್ರವರಿಯಲ್ಲಿ ಮುಗಿಸಿದರು, ವಯಸ್ಸು ಮೂವತ್ತೊಂದು. ಹೆಂಡತಿಗೆ ಹೇಳಿದ್ದು "ಹತ್ತು ವರ್ಷ ಶಿಕ್ಷೆ, ಪತ್ರ ಬರೆಯುವ ಹಕ್ಕಿಲ್ಲ" ಅಂತ. ಸತ್ತವರ ಮನೆಗೆ ಕೊಡುತ್ತಿದ್ದ ಸರ್ಕಾರಿ ಉತ್ತರ ಅದು.

1938ರ ಏಪ್ರಿಲ್ 28ರ ನಸುಕಿನ ಹೊತ್ತಿಗೆ ಲಾಂಡೌ ಸರದಿ. ಜೊತೆಗೆ ರೂಮರ್ ಮತ್ತು ಖಾರ್ಕಿವ್ ದಿನಗಳ ಗೆಳೆಯ ಮೋಯ್ಸೆ ಕೊರೆಟ್ಸ್. ಮೇ ದಿನದ ಮೆರವಣಿಗೆಗೆ ಒಂದು ಕರಪತ್ರ ತಯಾರಾಗಿತ್ತು, ಅದರಲ್ಲಿ ಸ್ಟಾಲಿನ್‌ನನ್ನು ಹಿಟ್ಲರ್, ಮುಸೊಲಿನಿ ಜೊತೆ ಒಂದೇ ಸಾಲಿಗೆ ನಿಲ್ಲಿಸಿದ್ದರು ಅನ್ನುತ್ತದೆ ಪೊಲೀಸ್ ಕಡತ. ಬರೆದದ್ದು ಕೊರೆಟ್ಸ್, ಒಪ್ಪಿದ್ದು ಲಾಂಡೌ.

ಕಪಿತ್ಸಾ ಅದೇ ದಿನ ಸ್ಟಾಲಿನ್‌ಗೆ ಪತ್ರ ಬರೆದರು. ಮಾರನೇ ದಿನ, ಮುಂದಿನ ವಾರ ಅಂತ ಕಾಯಲಿಲ್ಲ. ಅವರೇನು ಸ್ವತಂತ್ರರಾಗಿದ್ದರೇ? ಕೇಂಬ್ರಿಡ್ಜ್‌ನಲ್ಲಿ ರುದರ್‌ಫರ್ಡ್ ಜೊತೆ ಹದಿಮೂರು ವರ್ಷ ಇದ್ದವರು 1934ರಲ್ಲಿ ಊರಿಗೆ ಬಂದಾಗ ವಾಪಸ್ ಹೋಗಲು ಬಿಟ್ಟಿರಲಿಲ್ಲ. ಅವರ ಉಪಕರಣಗಳನ್ನು ಕೇಂಬ್ರಿಡ್ಜ್‌ನಿಂದ ಕೊಂಡು ತಂದು, ಸಂಸ್ಥೆಯನ್ನೇ ಕಟ್ಟಿಸಿಕೊಟ್ಟು, ಇಲ್ಲೇ ಇರಿ ಅಂದಿದ್ದರು. ಚಿನ್ನದ ಪಂಜರದಲ್ಲಿದ್ದವರು ಕಬ್ಬಿಣದ ಪಂಜರದಲ್ಲಿದ್ದವನಿಗಾಗಿ ಬರೆದ ಪತ್ರ ಅದು.

ಆ ಪತ್ರದಲ್ಲಿ ಏನಿದೆ ಅಂತ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ದೇಶದ ಥಿಯರಿಯವರಲ್ಲಿ ಫಾಕ್ ಮತ್ತು ಲಾಂಡೌ ಇಬ್ಬರೇ ಎಲ್ಲರಿಗಿಂತ ಮೇಲು ಅನ್ನುತ್ತಾರೆ. ಅಲ್ಲಿಗೆ ಎಲ್ಲರೂ ಬರೆಯುವಂಥದ್ದೇ ಆಯಿತು. ಆಮೇಲೆ ಹೇಳುತ್ತಾರೆ: ಇವನ ಸ್ವಭಾವ ಚೆನ್ನಾಗಿಲ್ಲ, ಜಗಳಗಂಟ, ಇನ್ನೊಬ್ಬರ ತಪ್ಪು ಹುಡುಕುವುದೆಂದರೆ ಬಲು ಇಷ್ಟ, ತಪ್ಪು ಸಿಕ್ಕಿದರೆ, ಅದೂ ನಮ್ಮ ಅಕಾಡೆಮಿಯ ಹಿರಿತಲೆಗಳದ್ದಾದರೆ, ಮರ್ಯಾದೆ ಇಲ್ಲದೆ ಆಡಿಕೊಳ್ಳುತ್ತಾನೆ, ಅದಕ್ಕೇ ಇಷ್ಟೊಂದು ಶತ್ರುಗಳು. ಇಂಥವನು ನೀಚ ಕೆಲಸ ಮಾಡಿರಲಾರ ಅನ್ನುವುದು ವಾದ. ದೋಷಗಳನ್ನು ಮುಚ್ಚಿಡಲಿಲ್ಲ, ಅವನ್ನೇ ಸಾಕ್ಷಿ ಕಟ್ಟೆಗೆ ಹತ್ತಿಸಿದರು.

ನಿದ್ದೆ ಬಾರದ್ದಕ್ಕೆ ಕಾರಣ ಇದೆ. ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಇದ್ದ. ಕ್ಲಾಸಿನ ಮಧ್ಯದಲ್ಲಿ ಎದ್ದು ನಿಂತು "ಸರ್, ಮೂರನೇ ಲೈನಲ್ಲೇ ಮೈನಸ್ ಬಿಟ್ಟಿದ್ದೀರ, ಅಲ್ಲಿಂದ ಎಲ್ಲಾ ತಪ್ಪು" ಅನ್ನುವವನು. ಅವನು ಹೇಳಿದ್ದು ಯಾವಾಗಲೂ ಸರಿ ಇರುತ್ತಿತ್ತು, ಅದೇ ನನಗೆ ಉರಿ. ಮುಂದೆ ಓದಲು ಒಂದು ರೆಕಮೆಂಡೇಶನ್ ಲೆಟರ್ ಕೇಳಿಕೊಂಡು ಬಂದ. ಎರಡು ಸಾಲು ಬರೆದುಕೊಟ್ಟೆ: ಇವರು ನಮ್ಮ ವಿದ್ಯಾರ್ಥಿ, ನಡತೆ ತೃಪ್ತಿಕರ. ಅಂಥ ಪತ್ರದ ಅರ್ಥ ಏನು ಅಂತ ಓದುವವರಿಗೆ ಗೊತ್ತಾಗುತ್ತದೆ, ನನಗೂ ಗೊತ್ತಿತ್ತು. ಅವನು ಓದಿ, ಮಡಚಿ ಜೇಬಿಗಿಟ್ಟುಕೊಂಡು "ಥ್ಯಾಂಕ್ಸ್ ಸರ್" ಅಂತ ಹೋದ. ಪೊಲೀಸರ ಭಯ ಇರಲಿಲ್ಲ, ಕೆಲಸ ಹೋಗುವ ಭಯ ಇರಲಿಲ್ಲ. ಖರ್ಚು ಒಂದು ಹಾಳೆ.

ಕಪಿತ್ಸಾ ಮೊದಲ ಪತ್ರಕ್ಕೇ ನಿಲ್ಲಲಿಲ್ಲ. ಕೋಪನ್‌ಹೇಗನ್‌ನಿಂದ ಬೋರ್ ಕೂಡ ಸ್ಟಾಲಿನ್‌ಗೆ ಬರೆದರು. ವರ್ಷ ಕಳೆಯುತ್ತಾ ಬಂದಾಗ, 1939ರ ಏಪ್ರಿಲ್‌ನಲ್ಲಿ, ಕಪಿತ್ಸಾ ಪ್ರಧಾನಿ ಮೊಲೊಟೊವ್‌ಗೆ ಬರೆದರು: ಅತಿಶೀತ ಹೀಲಿಯಂನಲ್ಲಿ ಹೊಸದೇನೋ ಕಂಡಿದ್ದೇನೆ, ಅದನ್ನು ಬಿಡಿಸಲು ಲಾಂಡೌ ಬೇಕು. ಆಮೇಲೆ ರಹಸ್ಯ ಪೊಲೀಸ್ ಮುಖ್ಯಸ್ಥ ಬೆರಿಯಾಗೆ ಒಂದು ಚಿಕ್ಕ ಚೀಟಿ. ಈ ಕೈದಿಯನ್ನು ನನ್ನ ವೈಯಕ್ತಿಕ ಜಾಮೀನಿನ ಮೇಲೆ ಬಿಡಿ, ನನ್ನ ಸಂಸ್ಥೆಯೊಳಗೆ ಇವನು ಸರ್ಕಾರದ ವಿರುದ್ಧ ಏನೂ ಮಾಡದಂತೆ ನೋಡಿಕೊಳ್ಳುವ ಹೊಣೆ ನನ್ನದು. ಏಪ್ರಿಲ್ ಕೊನೆಯಲ್ಲಿ, ಸರಿಯಾಗಿ ಒಂದು ವರ್ಷಕ್ಕೆ, ಬಿಟ್ಟರು. ಇನ್ನಾರು ತಿಂಗಳು ಒಳಗಿದ್ದಿದ್ದರೆ ಉಳಿಯುತ್ತಿರಲಿಲ್ಲ ಅಂತ ಲಾಂಡೌ ಆಮೇಲೆ ಹೇಳಿಕೊಂಡಿದ್ದಾನೆ.

ಹೀಲಿಯಂ ವಿಷಯ ನೆಪ ಅಂದುಕೊಳ್ಳಬೇಡಿ. ಸೊನ್ನೆಗಿಂತ 271 ಡಿಗ್ರಿ ಕೆಳಗೆ ದ್ರವ ಹೀಲಿಯಂ ಹುಚ್ಚು ಹಿಡಿದಂತೆ ಆಡುತ್ತದೆ. ಕೂದಲೆಳೆಯ ಸಂದಿನಲ್ಲೂ ತಡೆಯಿಲ್ಲದೆ ಹರಿಯುತ್ತದೆ. ಲೋಟದಲ್ಲಿಟ್ಟರೆ ತಾನೇ ಗೋಡೆ ಹತ್ತಿ ಆಚೆ ಇಳಿದು ತೊಟ್ಟಿಕ್ಕುತ್ತದೆ. ಆ ತಡೆಯಿಲ್ಲದ ಹರಿವನ್ನು ಕಪಿತ್ಸಾ ಮಾಸ್ಕೋದಲ್ಲಿ, ಆಲನ್ ಮತ್ತು ಮೈಸೆನರ್ ಕೇಂಬ್ರಿಡ್ಜ್‌ನಲ್ಲಿ, 'ನೇಚರ್' ಪತ್ರಿಕೆಯ 1938ರ ಜನವರಿಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದ್ದರು. ಯಾಕೆ ಹೀಗೆ ಅನ್ನುವುದಕ್ಕೆ ಲಾಂಡೌ 1941ರಲ್ಲಿ ಕೊಟ್ಟ ಉತ್ತರವನ್ನು ಕ್ಲಾಸಿನಲ್ಲಿ ನಾನು ಬಸ್ ಕಂಡಕ್ಟರ್ ಲೆಕ್ಕದಲ್ಲಿ ಹೇಳುತ್ತಿದ್ದೆ. ಹರಿಯುವ ನೀರು ಗೋಡೆಗೆ ಉಜ್ಜಿದಾಗ ಶಕ್ತಿಯನ್ನು ಪುಡಿಗಾಸಾಗಿ ಕಳೆದುಕೊಳ್ಳುತ್ತದೆ, ಇಲ್ಲಿ ನಾಲ್ಕಾಣೆ, ಅಲ್ಲಿ ಎಂಟಾಣೆ. ನಿಧಾನವಾಗಿ ಹರಿಯುವ ಈ ಹೀಲಿಯಂನಲ್ಲಿ ಆ ಚಿಲ್ಲರೆ ವ್ಯವಹಾರವೇ ನಡೆಯುವುದಿಲ್ಲ. ಒಳಗೆ ಒಂದು ಅಲೆ ಎಬ್ಬಿಸಬೇಕೆಂದರೂ ಕನಿಷ್ಠ ಇಷ್ಟು ವೇಗ ಬೇಕು ಅನ್ನುವ ನಿಯಮ. ಅಷ್ಟಿಲ್ಲದಿದ್ದರೆ ಕೊಡುವಂತೆಯೂ ಇಲ್ಲ, ಕಸಿಯುವಂತೆಯೂ ಇಲ್ಲ. ಟಿಕೆಟ್ ಇಲ್ಲದೆ ಬಸ್ಸು ಸಾಗುತ್ತದೆ. ಆ ದ್ರವದಲ್ಲಿ ಶಾಖವೂ ಶಬ್ದದಂತೆ ಅಲೆಯಾಗಿ ಓಡಬೇಕು ಅಂತ ಅವನ ಲೆಕ್ಕ ಹೇಳಿತು. 1944ರಲ್ಲಿ ಪೆಶ್ಕೋವ್ ಅದನ್ನು ಪ್ರಯೋಗದಲ್ಲಿ ಹಿಡಿದರು. 1962ರ ನೊಬೆಲ್ ಬಂದದ್ದು ಈ ಕೆಲಸಕ್ಕೇ. ಕಪಿತ್ಸಾ ಹಾಕಿದ ಜಾಮೀನು ಬಡ್ಡಿ ಸಮೇತ ವಾಪಸ್ ಬಂತು ಅನ್ನೋಣ.

ಇನ್ನು ರೂಮರ್. ಏಪ್ರಿಲ್ 28 ಅವರ ಹುಟ್ಟುಹಬ್ಬ, ಮೂವತ್ತೇಳು ತುಂಬಿದ ದಿನ ಅರೆಸ್ಟು. ಗಟಿಂಗನ್‌ನಲ್ಲಿ ಮ್ಯಾಕ್ಸ್ ಬಾರ್ನ್ ಬಳಿ ಸಹಾಯಕರಾಗಿದ್ದವರು. ಕೈದಿ ಇಂಜಿನಿಯರುಗಳಿಂದ ವಿಮಾನದ ಡಿಸೈನ್ ಮಾಡಿಸುವ ಜೈಲುಗಳಲ್ಲಿ ಹತ್ತು ವರ್ಷ ಕಳೆದರು. ಆಮೇಲೆ ಸೈಬೀರಿಯಾದ ಯೆನಿಸೇಸ್ಕ್‌ಗೆ ಗಡೀಪಾರು. 1954ರಲ್ಲಿ ನಿರ್ದೋಷಿ ಅನ್ನಿಸಿಕೊಂಡು ನೊವೊಸಿಬಿರ್ಸ್ಕ್‌ನಲ್ಲಿ ಮತ್ತೆ ಬದುಕು ಕಟ್ಟಿಕೊಂಡರು, ಅರವತ್ತು ದಾಟಿದ ಮೇಲೆ ಜೀವಕೋಶದ ಜೆನೆಟಿಕ್ ಕೋಡಿನಲ್ಲಿ ಒಂದು ಸಮರೂಪತೆ ಕಂಡುಹಿಡಿದರು. ನನ್ನ ಆ ತೆಳ್ಳನೆ ಪುಸ್ತಕ ರಷ್ಯನ್‌ನಲ್ಲಿ ಬಂದದ್ದು 1959ರಲ್ಲಿ. ಒಂದೇ ದಿನ ಒಳಗೆ ಹೋದ ಇಬ್ಬರಲ್ಲಿ ಒಬ್ಬನಿಗೆ ಒಂದು ವರ್ಷ, ಇನ್ನೊಬ್ಬರಿಗೆ ಹತ್ತು. ರೈಲಿನಲ್ಲಿ ಕೂತವನ ಗಡಿಯಾರ ಮತ್ತು ಪ್ಲಾಟ್‌ಫಾರ್ಮಿನವನ ಗಡಿಯಾರ ಬೇರೆ ಬೇರೆ ಓಡುತ್ತವೆ ಅಂತ ಅದೇ ಇಬ್ಬರು ನನಗೆ ಪಾಠ ಹೇಳಿದ್ದರು.

ಜಾಮೀನು ಪಡೆದವನು ಆಮೇಲೆ ಎಲ್ಲರನ್ನೂ ಹೂವಿನಂತೆ ನೋಡಿಕೊಂಡ ಅಂತೇನಿಲ್ಲ. ಅಬ್ರಿಕೊಸೊವ್ ಎಂಬ ಶಿಷ್ಯ 1953ರ ಹೊತ್ತಿಗೇ ವಿದ್ಯುತ್ತನ್ನು ತಡೆಯಿಲ್ಲದೆ ಹರಿಯಬಿಡುವ ಸೂಪರ್‌ಕಂಡಕ್ಟರುಗಳೊಳಗೆ ಸುಳಿಗಳಿವೆ ಅಂತ ಲೆಕ್ಕ ಹಾಕಿ ತಂದಾಗ ಲಾಂಡೌ ಒಪ್ಪಲಿಲ್ಲ. ಪೇಪರು ಮೇಜಿನ ಡ್ರಾಯರ್ ಸೇರಿತು. ಹೀಲಿಯಂ ಸುಳಿಗಳ ಬಗ್ಗೆ ಫೈನ್‌ಮನ್ ಬರೆದದ್ದು ಬಂದ ಮೇಲೆ ಹೊರಗೆ ಬಂದು, 1957ರಲ್ಲಿ ಅಚ್ಚಾಯಿತು. ಅದಕ್ಕೆ ನೊಬೆಲ್ ಬಂದದ್ದು 2003ರಲ್ಲಿ. ಗುಂಪಿನ ಗೆಳೆಯರು ಇಷ್ಟಪಡುವ ಆ 'ಖಡಕ್' ಸ್ವಭಾವಕ್ಕೆ ಬೆಲೆ ತೆತ್ತವರು ಯಾವಾಗಲೂ ಬೇರೆಯವರೇ. ಇಂಥವನಿಗೇ ಕಪಿತ್ಸಾ ಸಹಿ ಹಾಕಿದ್ದು. ಒಳ್ಳೆಯವನು ಅಂತ ಹಾಕಲಿಲ್ಲ.

ಬಿಡುಗಡೆ ಆದ ಮೇಲೂ ಭಯ ಬಿಡಲಿಲ್ಲ. ಅಣುಬಾಂಬಿಗೆ ಲೆಕ್ಕ ಮಾಡಿಕೊಟ್ಟ, ಸ್ಟಾಲಿನ್ ಬಹುಮಾನಗಳನ್ನೂ ಪಡೆದ. 1953ರಲ್ಲಿ ಸ್ಟಾಲಿನ್ ಸತ್ತ ಮೇಲೆ, ಇನ್ನು ಹೆದರಿಕೆಯಿಲ್ಲ, ಈ ಕೆಲಸ ಮಾಡಲ್ಲ ಅಂತ ಶಿಷ್ಯ ಖಲಾತ್ನಿಕೋವ್ ಬಳಿ ಹೇಳಿ ಕೈತೊಳೆದುಕೊಂಡ. ಮನೆಯಲ್ಲಿ ಕದ್ದು ಕೇಳುವ ಯಂತ್ರ ಇಟ್ಟಿದ್ದ ಕೆಜಿಬಿ 1957ರ ವರದಿಯಲ್ಲಿ ದಾಖಲಿಸಿದೆ: ಈತ ತನ್ನನ್ನು 'ವಿದ್ವಾಂಸ ಗುಲಾಮ' ಅಂದುಕೊಳ್ಳುತ್ತಾನೆ.

1962ರ ಜನವರಿ 7, ಬೆಳಿಗ್ಗೆ, ದುಬ್ನಾಕ್ಕೆ ಹೋಗುವ ಹಿಮ ಗಟ್ಟಿದ ರಸ್ತೆಯಲ್ಲಿ ಕಾರು ಜಾರಿ ಲಾರಿಗೆ ಸಿಕ್ಕಿತು. ವಾರಗಟ್ಟಲೆ ಪ್ರಜ್ಞೆ ಇರಲಿಲ್ಲ. ಅವನ ಕೈಲಿ ಬೈಸಿಕೊಂಡ ಭೌತವಿಜ್ಞಾನಿಗಳೇ ಪಾಳಿ ಹಾಕಿಕೊಂಡು ಆಸ್ಪತ್ರೆಯಲ್ಲಿ ಕೂತರು. ವಿದೇಶದಿಂದ ವಿಮಾನದಲ್ಲಿ ಬಂದ ಔಷಧಿಗಳನ್ನು ಹಾಸಿಗೆಯವರೆಗೆ ಮುಟ್ಟಿಸಿದರು. ಜೀವ ಉಳಿಯಿತು. ಡಿಸೆಂಬರಿನಲ್ಲಿ ಸ್ವೀಡನ್ ರಾಯಭಾರಿ ಮಾಸ್ಕೋದ ಆಸ್ಪತ್ರೆಗೇ ನೊಬೆಲ್ ತಂದುಕೊಟ್ಟರು. ಆದರೆ ಭೌತಶಾಸ್ತ್ರ ವಾಪಸ್ ಬರಲಿಲ್ಲ. 1968ರ ಏಪ್ರಿಲ್ 1ರಂದು ಹೋಗಿಬಿಟ್ಟ, ವಯಸ್ಸು ಅರವತ್ತು.

ಕಪಿತ್ಸಾ ಏನಾದರು ಅಂತಲೂ ಹೇಳಬೇಕು. ಬೆರಿಯಾ ಜೊತೆ ಜಗಳ ಕಾದು, ತಾವೇ ಕಟ್ಟಿದ ಸಂಸ್ಥೆಯಿಂದ 1946ರಲ್ಲಿ ಹೊರದೂಡಿಸಿಕೊಂಡು, ಊರಾಚೆಯ ಮನೆಯ ಶೆಡ್ಡಿನಲ್ಲಿ ವರ್ಷಗಟ್ಟಲೆ ಪ್ರಯೋಗ ಮಾಡಿದರು. ಅವರಿಗೆ ನೊಬೆಲ್ ಬಂದದ್ದು 1978ರಲ್ಲಿ, ಎಂಬತ್ತನಾಲ್ಕನೇ ವಯಸ್ಸಿಗೆ. ಬಹುಮಾನ ಹೀಲಿಯಂ ಕೆಲಸಕ್ಕೆ. ಅವರು ಭಾಷಣ ಮಾಡಿದ್ದು ಪ್ಲಾಸ್ಮಾ (ಕುದಿಕುದಿ ಬಿಸಿಯಾದ, ವಿದ್ಯುದಾವೇಶದ ಅನಿಲ) ಬಗ್ಗೆ, ಹಳೆಯದನ್ನು ಬಿಟ್ಟು ಬಹಳ ಕಾಲವಾಯಿತು ಅಂತ.

ಲಾಂಡೌ ಮೇಲಿನ ಪ್ರಕರಣವನ್ನು, ಅಪರಾಧವೇ ನಡೆದಿಲ್ಲ ಅಂತ, ಕೆಜಿಬಿ ಅಧಿಕೃತವಾಗಿ ಮುಚ್ಚಿದ್ದು 1990ರಲ್ಲಿ. ಅಲ್ಲಿಯವರೆಗೆ ಕಡತದಲ್ಲಿ ಅವನು ಜಾಮೀನಿನ ಮೇಲೆ ಹೊರಗಿದ್ದ ಆರೋಪಿಯೇ. ಆ ಹೊತ್ತಿಗೆ ಆರೋಪಿ ತೀರಿಕೊಂಡು ಇಪ್ಪತ್ತೆರಡು ವರ್ಷ, ಜಾಮೀನುದಾರರು ತೀರಿಕೊಂಡು ಆರು ವರ್ಷ.