ಸರಿಯಾಗಿದ್ದ ಒಂದೇ ಒಂದು ಅಂಚು

ಬೆರಳಿಗಂಟಿದ ಫೆವಿಕಾಲ್ ಸಿಪ್ಪೆ ಕೀಳುತ್ತಲೇ ಇದನ್ನು ಬರೀತಿದ್ದೇನೆ. ಎಲ್ಲಾದರೂ ಬೈಗುಳದ ಹಾಗೆ ಕೇಳಿಸಿದರೆ ಅದು ನಿಮಗಲ್ಲ, ನನ್ನ ಗರಗಸಕ್ಕೆ.

ಮನೆಯಲ್ಲೇ ಸ್ಪೀಕರ್ ಮಾಡುವ ಹುಚ್ಚು ಹತ್ತಿದವರಿಗೆ ಗೊತ್ತು, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ವೂಫರ್, ಅಂದರೆ ದಪ್ಪ ದನಿಯ ಸ್ಪೀಕರ್, ತರುವುದೇ ಸುಖದ ಭಾಗ. ಡಬ್ಬ ಕೂಡಿಸುವುದನ್ನೂ ಹೇಗೋ ನಿಭಾಯಿಸಬಹುದು. ಅಷ್ಟರಲ್ಲಿ ಯಾರೋ ಪುಣ್ಯಾತ್ಮ ಹೇಳುತ್ತಾನೆ: ಮುಂದಿನ ಹಲಗೆಯ ಅಂಚು ಚೂಪಾಗಿದ್ದರೆ ಶಬ್ದ ಅಲ್ಲಿ ಎಡವಿ, ಚದುರಿ, ಚೂರು ತಡವಾಗಿ ಇನ್ನೊಂದು ಸಲ ಕಿವಿಗೆ ಬರುತ್ತೆ, ಅಂಚಿಗೆ ಓರೆ ಹೊಡೀಬೇಕು. ಅಲ್ಲಿಗೆ ನೆಮ್ಮದಿ ಖಲಾಸ್.

ತಳ ಬಿಟ್ಟು ಡಬ್ಬಕ್ಕೆ ಮೂರರಂತೆ ಆರು ಅಂಚು. 18 ಮಿ.ಮೀ. ಪ್ಲೈವುಡ್ಡು, ಮುಂದುಗಡೆ ಎರಡು ಪದರ ಅಂಟಿಸಿದ್ದು. ಗರಗಸವನ್ನು 45 ಡಿಗ್ರಿಗೆ ಓರೆ ಮಾಡಿ ತಾರಸಿಯಲ್ಲಿ ಶುರು ಹಚ್ಚಿಕೊಂಡೆ. ಕೆಳಗಿನ ಮನೆಯವರ ಸಂಡಿಗೆ ಅಲ್ಲೇ ಒಣಗುತ್ತಿದ್ದದ್ದು ಮೂರನೇ ಅಂಚಿನ ಹೊತ್ತಿಗೆ ಗಮನಕ್ಕೆ ಬಂತು. ಆ ವಿಷಯ ಇಲ್ಲಿಗೇ ಬಿಡೋಣ. ಓರೆ ಕೊಯ್ದಲ್ಲೆಲ್ಲ ಪ್ಲೈವುಡ್ಡಿನ ಎಳೆಗಳು ಚಿರೋಟಿಯ ಹಾಗೆ ಬಿಚ್ಚಿಕೊಂಡು ಚೆಂದವೇ ಕಾಣುತ್ತಿದ್ದವು. ಐದು ಮುಗಿದವು. ಆಗ ಎದುರುಮನೆ ಆಚಾರ್ರು ಬಂದರು.

ಆಚಾರ್ರು ಮರಗೆಲಸ ಬಿಟ್ಟು ವರ್ಷಗಳಾದವು. ಕಣ್ಣು ಮಾತ್ರ ಇನ್ನೂ ಡ್ಯೂಟಿಯಲ್ಲಿದೆ, ಅದೂ ಒಂದೇ. ಮರದ್ದು ಏನೇ ಕಂಡರೂ ಎಡಗಣ್ಣು ಮುಚ್ಚುತ್ತಾರೆ. ನಮ್ಮ ಮನೆಯ ಬಾಗಿಲು, ಮೊಮ್ಮಗನ ಕ್ರಿಕೆಟ್ ಬ್ಯಾಟು, ಒಮ್ಮೆ ಮದುವೆ ಮನೆಯ ಊಟದ ಟೇಬಲ್ಲು, ಯಾವುದಕ್ಕೂ ವಿನಾಯಿತಿ ಇಲ್ಲ. ನನ್ನ ಡಬ್ಬವನ್ನು ಹಸುಗೂಸಿನಂತೆ ಎತ್ತಿ, ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಅಂಚಿನುದ್ದಕ್ಕೂ ಹರಿಸಿದರು. ಉಸಿರು ಬಿಡಲಿಲ್ಲ. ನಾನೂ ಬಿಡಲಿಲ್ಲ. ಮೊಮ್ಮಗನೂ ಒಂದು ಕಣ್ಣು ಮುಚ್ಚಿಕೊಂಡು ನಿಂತ. ಕಾಫಿ ಬಂತು, ಕಣ್ಣು ತೆರೆಯದೆಯೇ ಲೋಟ ಇಸಕೊಂಡರು. ಅರ್ಧ ಲೋಟ ಖಾಲಿಯಾದ ಮೇಲೆ ತೀರ್ಪು ಬಂತು:

"ಹ್ಞೂಂ... ಇದು ನಲವತ್ಮೂರು."

ಅಳೆದೆ. ನಲವತ್ಮೂರೇ! ಗರಗಸದ ಮೇಲೆ 45 ಅಂತ ಅಚ್ಚು ಹೊಡೆದಿದ್ದ ಗೀಟು ಎರಡು ಡಿಗ್ರಿ ಸುಳ್ಳು ಹೇಳಿತ್ತು. ಅವರು ಹೋದ ಮೇಲೆ ಅವಮಾನದಿಂದಲೇ ಗರಗಸ ಸರಿಪಡಿಸಿ ಆರನೆಯದನ್ನು ಪಕ್ಕಾ 45ಕ್ಕೆ ಕೊಯ್ದೆ. ಈಗ ಮೂಲೆಯಲ್ಲಿ ಎರಡು ಓರೆಗಳು ಕೂಡುವುದೇ ಇಲ್ಲ, ಒಂದು ಮಿಲಿಮೀಟರಿನ ಮೇಲೆ ವ್ಯತ್ಯಾಸ. ಸರಿಯಾಗಿದ್ದ ಒಂದೇ ಒಂದು ಅಂಚು ಸೊಟ್ಟಗೆ ಕಾಣುತ್ತಿದೆ.

ಆಚಾರ್ರು ಮತ್ತೆ ಬಂದು, ಮತ್ತೆ ಕಣ್ಣು ಮುಚ್ಚಿ, "ಅದನ್ನೂ ತಪ್ಪು ಮಾಡ್ಬಿಡಿ ಸಾರ್, ಸರಿಹೋಗುತ್ತೆ" ಅಂದರು. ಕೀಸುಳಿ ಕೇಳಿದೆ. "ಪ್ಲೈವುಡ್ಡಿಗಾ? ಅಂಟು ಅದು, ಅಲಗು ಹಾಳಾಗುತ್ತೆ" ಅಂತ ಎರಡೂ ಕಣ್ಣು ಬಿಟ್ಟು ನೋಡಿದರು. ಎಂಬತ್ತನೇ ನಂಬರಿನ ಸ್ಯಾಂಡ್‌ಪೇಪರೇ ಗತಿಯಾಯಿತು.

ಉಜ್ಜುತ್ತಾ ಕೂತವನಿಗೆ ಕೆಟ್ಟ ಯೋಚನೆಗಳೇ ಬರುತ್ತವೆ. ಮೂರು ಸಾವಿರ ಹರ್ಟ್ಸ್ ಶಬ್ದದ ಅಲೆ ಸುಮಾರು 11 ಸೆಂಟಿಮೀಟರ್ ಉದ್ದ. ನನ್ನ ಈ ಎರಡು ಸೆಂಟಿಮೀಟರ್ ಓರೆಯನ್ನು ಅದು ತಿರುಗಿಯೂ ನೋಡಲಿಕ್ಕಿಲ್ಲ. ಇನ್ನು ಅಮೆರಿಕದ ಆರ್‌ಸಿಎ ಕಂಪನಿಯ ಹ್ಯಾರಿ ಓಲ್ಸನ್ 12 ಆಕಾರದ ಪೆಟ್ಟಿಗೆಗಳನ್ನು ಪರೀಕ್ಷಿಸಿ 1951ರಲ್ಲೇ ಪ್ರಕಟಿಸಿದ್ದ: ಎಲ್ಲಕ್ಕಿಂತ ನಯವಾಗಿ ನುಡಿದದ್ದು ಗೋಲ.

ಗೋಲ! ನಮ್ಮೂರಿನ ಕಟಿಂಗ್ ಶಾಪಿನ ಮೂಲೆಯಲ್ಲಿ ಮಣ್ಣಿನ ಮಡಕೆಯ ಬಾಯಿಗೆ ಒಂದು ಸ್ಪೀಕರ್ ಕೂರಿಸಿರುತ್ತಿದ್ದರು. ಅದು ಮುಖ ಮಾಡುತ್ತಿದ್ದದ್ದು ಸೂರಿನ ಕಡೆಗೆ, ಓಲ್ಸನ್ ಒಪ್ಪುತ್ತಿದ್ದನೋ ಇಲ್ಲವೋ. ಆದರೆ ಬೆಂಚಿನ ಮೇಲೆ ನನ್ನ ಸರದಿಗೆ ಕಾಯುವಾಗ ತಬಲಾದ ಏಟು ಹೊಟ್ಟೆಯೊಳಗೇ ಬಿದ್ದ ಹಾಗಾಗುತ್ತಿತ್ತು. ಸರದಿ ತಡವಾಗಲಿ ಅಂತ ಹಿಂದೆ ಬಂದವರನ್ನು ಮುಂದೆ ಬಿಟ್ಟದ್ದೂ ಉಂಟು. ಆ ಮಡಕೆಗೆ ಯಾರೂ ಡಿಗ್ರಿ ಹಿಡಿದಿರಲಿಲ್ಲ.

ಇವತ್ತು ಸಂಜೆ ಆಚಾರ್ರು ಮೆಟ್ಟಿಲು ಹತ್ತಿ ಬಂದರು. ನಾನೇ ಡಬ್ಬ ಎತ್ತಿ ಹಿಡಿದೆ. ಎಡಗಣ್ಣು ಮುಚ್ಚಿದರು. ಕಾಫಿ ಪೂರ್ತಿ ಮುಗಿಯಿತು.

"ನಲವತ್ನಾಲ್ಕು" ಅಂದು ಲೋಟ ಕೆಳಗಿಟ್ಟು ಹೋದರು.