ಜೆಲ್‌ಕೋಟ್ ಅಂದ್ರ ಕಾರಿನ ಪೇಂಟ್ ಅಲ್ರಿ!

ಆಲಮಟ್ಟಿ ಹಿನ್ನೀರಿನ ದಂಡಿಗೆ ಹೊಸದಾಗಿ ಜೆಲ್‌ಕೋಟ್ ಹೊಡಿಸಿಕೊಂಡು ಬಂದ ಫೈಬರ್ ದೋಣಿಯನ್ನ ಸಂಜಿ ಓರೆ ಬಿಸಿಲಿನಾಗ ಒಮ್ಮೆ ನೋಡ್ರಿ. ಮೈತುಂಬ ಸುರುಳಿ ಗೀರು, ಅಂಚಿನಾಗ ಗಾಜಿನ ನಾರು ಇಣುಕತಿರ್ತಾವ. ದುಡ್ಡು ಮಾತ್ರ ಪೂರ್ತಿ ತಗೊಂಡಿರ್ತಾರ. ಬಾಗಲಕೋಟಿಯಿಂದ ಬೆಳಗಾವಿ ತನಕ ಕಾರಿಗೆ ಬಣ್ಣ ಹೊಡಿಯೋ ಶೆಡ್ಡಿನವರು ದೋಣಿ ಕೆಲಸ ಹಿಡಿತಾರ. ಹಿಡೀಲಿ, ಬ್ಯಾಡ ಅನ್ನಂಗಿಲ್ಲ. ಕಲ್ತು ಹಿಡೀರಿ ಅಂತಷ್ಟ ಸಿಟ್ಟು.

ಜೆಲ್‌ಕೋಟ್ ಅಂದ್ರ ಫೈಬರ್ ದೋಣಿಯ ಹೊರಮೈಗೆ ಹೊಡಿಯೋ ಪದರ, ಇದು ಪಾಲಿಯೆಸ್ಟರ್ ರಾಳ. ಹಾರ್ಡನರ್, ಅಂದ್ರ ಗಟ್ಟಿ ಮಾಡೋ ರಾಸಾಯನಿಕ, ಕೂಡಿದ ಮ್ಯಾಲ ಒಳಗಿಂದ ಗಟ್ಟಿ ಆಗ್ತೈತಿ, ಆದ್ರ ಗಾಳಿ ತಾಗೋ ಮೈ ಅಂಟಂಟು ಉಳಿತೈತಿ, ಆಕ್ಸಿಜನ್ ಆ ಕ್ರಿಯೆಯನ್ನ ತಡಿತೈತಿ. ಅದಕ್ಕ ಕಡೀ ಕೋಟಿನಾಗ ಮಾತ್ರ ವ್ಯಾಕ್ಸ್ ದ್ರಾವಣ ಕೂಡಸಬೇಕು, ಇಲ್ಲಾ ಮ್ಯಾಲ ಪಿವಿಎ, ಅಂದ್ರ ಗಾಳಿ ತಡಿಯೋ ತೆಳು ಪೊರೆ, ಸಿಂಪಡಿಸಬೇಕು. ಇವರು ಎರಡರಾಗ ಒಂದೂ ಮಾಡಂಗಿಲ್ಲ, ಅಂಟಿನ ಮ್ಯಾಲೇ ತಿಕ್ಕೋ ಪೇಪರ್ ಒತ್ತತಾರ. ಪೇಪರ್ ಕಟ್ಟಿಕೊಳ್ತೈತಿ, ಆಮ್ಯಾಲ ಪೇಪರ್ ಡುಪ್ಲಿಕೇಟ್ ಅಂತ ಅಂಗಡಿಯವಗ ಬೈತಾರ!

ಹಾರ್ಡನರನ್ನ ಮುಚ್ಚಳದಾಗ ಅಳಿಯೋದು ಇನ್ನೊಂದು ಪಾಪ. ಕಿಲೋ ಜೆಲ್‌ಕೋಟಿಗೆ 10ರಿಂದ 20 ಗ್ರಾಂ, ತಕ್ಕಡಿ ಮ್ಯಾಲ ತೂಗಬೇಕು. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಕೆಳಗಿನ ಪ್ರಮಾಣ ಸಾಕು. 10ಕ್ಕಿಂತ ಕೆಳಗ ಇಳಿಸಿದ್ರ ಎಂದೂ ಪೂರ್ತಿ ಗಟ್ಟಿ ಆಗಂಗಿಲ್ಲ, ಅದನ್ನ ಎಷ್ಟು ತಿಕ್ಕಿದ್ರೂ ಹೊಳಪು ನಿಲ್ಲಂಗಿಲ್ಲ. ಕಣ್ಣಿಗೆ ಕನ್ನಡಕ ಹಾಕ್ಕೋರಿ, ಒಂದು ಹನಿ ಹಾರಿದ್ರ ದೃಷ್ಟಿ ಹೋಗಬಹುದು.

ದಪ್ಪ ಎಷ್ಟು? ಹಸಿ ಇದ್ದಾಗ 500ರಿಂದ 700 ಮೈಕ್ರಾನ್ (ಮಿಲಿಮೀಟರಿನ ಸಾವಿರದಾಗ ಒಂದು ಪಾಲು ಅಂದ್ರ ಒಂದು ಮೈಕ್ರಾನ್) ಬೇಕು, ಎರಡು-ಮೂರು ಕೋಟಿನಾಗ. ಬಾಚಣಿಗಿಯಂಥ ಹಲ್ಲಿರೋ, ದಪ್ಪ ಅಳಿಯೋ ಗೇಜ್ ಒತ್ತಿ ನೋಡಿದ್ರ ಗೊತ್ತಾಗ್ತೈತಿ. ಅರ್ಧ ದಪ್ಪ ಹೊಡದು, ಕಿತ್ತಳೆ ಸಿಪ್ಪಿಯಂಥ ಉಬ್ಬು ಸಪಾಟ ಮಾಡಾಕ ಹೋದ್ರ ಉಳಿಯೋದು ಏನು? ಕೀಲ್, ಅಂದ್ರ ದೋಣಿ ತಳದ ನಡು ಏಣಿನ ಮ್ಯಾಲ, ಮೂಲಿಗಳ ಮ್ಯಾಲ ಲಗೂನ ಸವದು ನಾರು ಬರ್ತೈತಿ. ಅಲ್ಲಿಂದ ನೀರು ಒಳಗ ಹೊಕ್ಕೈತಿ. ತಿಕ್ಕೋ ಮೊದಲ ಅಂಚಿಗೆ ಟೇಪ್ ಹಚ್ಚಿ, ಕಡಿಗೆ ಟೇಪ್ ತಗದು ಕೈಲೇ ಎರಡು ಸಲ ಪೇಪರ್ ಎಳದ್ರ ಮುಗೀತು. ಟೇಪಿನ ಒಂದು ಸುರುಳಿಗೂ ಜಿಪುಣತನ!

ಈಗ ತಿಕ್ಕೋ ಮಾತು. 24 ತಾಸು ಬಿಡ್ರಿ. ಮೊದಲ ಅಸಿಟೋನಿನಿಂದ ವ್ಯಾಕ್ಸ್ ಒರಸ್ರಿ, ಪಿವಿಎ ಇದ್ರ ನೀರಿನಿಂದ ತೊಳೀರಿ. ಪೆನ್ಸಿಲಿನಿಂದ ಮೈತುಂಬ ಅಡ್ಡ-ಉದ್ದ ಗೆರಿ ಎಳೀರಿ. 320 ನಂಬರಿನ ವಾಟರ್ ಪೇಪರಿನಿಂದ (ನಂಬರ್ ದೊಡ್ಡದಾದಷ್ಟು ಪೇಪರಿನ ಕಾಳು ಸಣ್ಣ) ಸುರು, ಬ್ರಷಿನ ಗೆರಿ ಆಳ ಇದ್ರ 220. ಸಪಾಟ ಜಾಗಕ್ಕ ಗಟ್ಟಿ ಬ್ಲಾಕ್, ಬಾಗಿದಲ್ಲಿ ಮೆತ್ತನ್ನದು. ಬರೇ ಬೆರಳಿಂದ ಒತ್ತಿದ್ರ ಬೆರಳಿನ ಸಾಲು ಮೂಡತಾವ. ನೀರಿಗೆ ಒಂದೆರಡು ಹನಿ ಪಾತ್ರೆ ತೊಳಿಯೋ ಸೋಪು. ಪೆನ್ಸಿಲ್ ಗೆರಿ ಪೂರ್ತಿ ಹೋದ ಮ್ಯಾಲ 400, 600, 800, 1000, 1200. ಪ್ರತಿ ಸಲ ದಿಕ್ಕು ಅಡ್ಡ ತಿರುಗಿಸಬೇಕು, ಹಿಂದಿನ ಗೀರು ಉಳದೈತೋ ಇಲ್ಲೋ ಆವಾಗಷ್ಟ ಕಾಣಸ್ತೈತಿ. ಬಕೆಟಿನ ನೀರು ಬದಲಿಸ್ರಿ, 320ರ ಒಂದು ಕಾಳು ಉಳದ್ರ 1000ದ ಕೆಲಸ ಹಾಳು.

ಇಲ್ಲೇ ಎಲ್ಲರೂ ಮೋಸ ಮಾಡೋದು. 220ರಿಂದ ನೇರ 1000ಕ್ಕ ಜಿಗಿತಾರ. 220ರ ಕಾಳು ಸುಮಾರು 68 ಮೈಕ್ರಾನ್, 1000ದ್ದು 18. ಆ ಸಣ್ಣ ಕಾಳು ಆ ಆಳದ ಗೀರನ್ನ ಯಾವಾಗ ಸವಸ್ಬೇಕು? ಸವಸಂಗಿಲ್ಲ. ಗೀರಿನ ತುದಿ ಮಾತ್ರ ದುಂಡಗ ಮಾಡಿ ಹೊಳಸ್ತೈತಿ, ಮ್ಯಾಲ ವ್ಯಾಕ್ಸ್ ತುಂಬಿ ಕೊಡ್ತಾರ. ವ್ಯಾಕ್ಸ್ ತೊಳದು ಹೋದ ಮ್ಯಾಲ ಗೀರೆಲ್ಲಾ ಎದ್ದು ನಿಲ್ತಾವ. ಬಿಳಿ ದೋಣಿಯಾಗ ಹೆಂಗೋ ಮುಚ್ಚತಾವ, ನೀಲಿ ಇದ್ರ ಮುಗದಂಗ.

ಸೂಜಿ ತೂತುಗಳದ್ದೂ ಹಂಗ. ಮೊದಲ ತಿಕ್ಕಿನಾಗ ಬಾಯಿ ತಗಿತಾವ, ಆಗಲೇ ಜೆಲ್‌ಕೋಟ್ ಪೇಸ್ಟ್ ತುಂಬಬೇಕು. ಕಡಿಗೆ ಕಾಂಪೌಂಡ್, ಅಂದ್ರ ಹೊಳಪು ಕೊಡೋ ಪೇಸ್ಟ್, ಹಚ್ಚಿದ ಮ್ಯಾಲ ನೆನಪಾದ್ರ ಏನ ಉಪಯೋಗ? ಕಾಂಪೌಂಡ್ ಹಚ್ಚುವಾಗ ಉಣ್ಣಿ ಪ್ಯಾಡ್, 1500 ಆರ್‌ಪಿಎಂ ಸುತ್ತಮುತ್ತ, ಒಂದೇ ಕಡೆ ನಿಲ್ಲಿಸಬ್ಯಾಡ್ರಿ, ಮೈ ಸುಟ್ಟು ಹಳದಿ ಆಗ್ತೈತಿ. ಬಿಸಿಲಿನಾಗ ಅಂತೂ ಬ್ಯಾಡೇ ಬ್ಯಾಡ.

ದೋಣಿ ತಗೊಳ್ಳೋ ಮುಂದ ಅಸಿಟೋನ್ ಅದ್ದಿದ ಅರಿವಿ ಒಂದು ಹಿಡ್ಕೊಂಡು ಹೋಗ್ರಿ. ಒಂದು ಗೇಣು ಜಾಗದಾಗ ವ್ಯಾಕ್ಸ್ ಒರಸಿ, ಟಾರ್ಚ್ ಓರೆ ಹಿಡದು ನೋಡ್ರಿ. ಗೀರು ಕಂಡ್ರ ಬಾಕಿ ದುಡ್ಡು ಕೊಡಬ್ಯಾಡ್ರಿ, 400ರಿಂದ ಮತ್ತ ತಿಕ್ಕಸ್ರಿ.